ಇರುಳು ದುರ್ಬೀನು

“ಗೋಡೌನಿನ ದೀಪ ಆರಿಸಿ, ಬಾಗಿಲು ಹಾಕಿ,” ಎಂದಳು ದರ್ಜಿಯಮ್ಮ. ದುರ್ಬೀನಿನ ಅಂಗಡಿಯವನು ಅವಳ ಗಂಡನ ಮುಖ ನೋಡಿದ. ಗಡಿಯಾರ ರಿಪೇರಿಯ ಗಂಡ ನೆಲ ನೋಡಿದ.

ಅವಳಿಗೆ ಹುಟ್ಟಿನಿಂದ ಇರುಳುಗುರುಡು. ಹಗಲಲ್ಲಿ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವವಳು, ಹೊತ್ತು ಮುಳುಗಿತೆಂದರೆ ಗಂಡನ ತೋಳು ಹಿಡಿಯದೆ ಅಂಗಳ ದಾಟಲಾರಳು. ಮನೆ ಹಿಂದಿನ ಪಾಳು ಇಟ್ಟಿಗೆ ಭಟ್ಟಿಗೆ ನರಿ ಬರುತ್ತದೆ, ಬೆನ್ನಿಗೆ ಮೂರು ಮರಿ ಎಂದು ಸಂಜೆಸಂಜೆ ಕಿಟಕಿ ಬಳಿ ಕೂತು ಬಣ್ಣಿಸುವವನು ಅವನೇ. ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಕತ್ತಲಲ್ಲಿ ಕಾಣಿಸುವ ದುರ್ಬೀನು ಸಿಗುತ್ತದೆಂದು ಕಣ್ಣಿನ ಡಾಕ್ಟರು ಹೇಳಿದ್ದೇ ತಡ, ಹೊರಟೇಬಿಟ್ಟಳು. ಗಂಡನಿಗೆ ಮಾತ್ರ ಯಾಕೋ ಮನಸ್ಸಿರಲಿಲ್ಲ.

ಅವಳು ಚೀಲದಿಂದ ಕರಿ ಗುಂಡಿಯ ಕರಿ ಕೋಟೊಂದನ್ನು ತೆಗೆದು ಗೋಡೌನಿನ ಆ ತುದಿಗೆ ನೇತುಹಾಕಿಸಿದಳು. ಅಗ್ಗದ ದುರ್ಬೀನಿನಲ್ಲಿ ಕೋಟೋ ಗೋಣಿಚೀಲವೋ ತಿಳಿಯಲಿಲ್ಲ. ದುಬಾರಿಯದರಲ್ಲಿ ಬಟ್ಟೆ ಬೂದು ಬಣ್ಣಕ್ಕೆ ತಿರುಗಿ ನಾಲ್ಕು ಗುಂಡಿಗಳು ಎದ್ದು ಕಂಡವು. ನಡುವಿನ ಬೆಲೆಯದರಲ್ಲೂ ನಾಲ್ಕೇ.

“ಇದೇ ಸಾಕು,” ಎಂದಳು.

“ಅಮ್ಮಾ, ಆ ದೊಡ್ಡದರಲ್ಲಿ ಇನ್ನೂ ದೂರ ಕಾಣುತ್ತೆ.”

“ನಮ್ಮ ಭಟ್ಟಿ ಐವತ್ತು ಹೆಜ್ಜೆ. ಅದರಾಚೆ ನೋಡಿ ನನಗೇನಾಗಬೇಕು? ಅದರ ದುಡ್ಡಿಗೆ ಎರಡು ಹೊಲಿಗೆ ಮಿಷಿನ್ ಬರುತ್ತಪ್ಪಾ.”

ಸಂಜೆ ಕಿಟಕಿಯ ಗಾಜಿಗೆ ದುರ್ಬೀನು ಒತ್ತಿ ಹಿಡಿದಳು. ಬರೀ ಬಿಳಿ. ಸುಣ್ಣದ ಗೋಡೆಗೆ ಮೂಗು ತಾಗಿಸಿ ನಿಂತಂತೆ.

“ಹೇಳಿರಲಿಲ್ವಾ? ನಾಳೆ ವಾಪಸ್ ಕೊಟ್ಟುಬಿಡೋಣ,” ಎಂದ ಗಂಡ, ದನಿಯಲ್ಲಿ ಗೆಲುವು.

ಅವಳು ಸೋಲುವ ಪೈಕಿಯವಳಲ್ಲ. ದುರ್ಬೀನು ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆಂದು ಅಂಗಡಿಯವನು ಹೇಳಿದ್ದ; ಅದೇ ಗಾಜಿಗೆ ಬಡಿದು ಮರಳುತ್ತಿದೆಯೆಂದು ಹೊಳೆಯಿತು. ತಡವರಿಸಿ ಚಿಲಕ ಹುಡುಕಿ ಕಿಟಕಿ ತೆರೆದಳು. ಮತ್ತೆ ನೋಡಿದಳು. ಭಟ್ಟಿಯ ಗೋಡೆಯ ಮೇಲೆ ನರಿ ಕೂತಿತ್ತು. ಎಷ್ಟು ಸಣ್ಣ ಪ್ರಾಣಿ! ಅವಳಿಗೆ ಅಳು ಬಂತು.

ಬಹಳ ಹೊತ್ತಾದ ಮೇಲೆ ಕೇಳಿದಳು, “ರೀ, ಮರಿಗಳೆಲ್ಲಿ? ಮೂರು ಅಂದಿದ್ರಲ್ಲ. ಒಂದೂ ಇಲ್ಲ.”

ಕಣ್ಣಿಗೆ ಭೂತಗಾಜು ಸಿಕ್ಕಿಸಿ ನಲವತ್ತು ವರ್ಷ ಗಡಿಯಾರದ ಹಲ್ಲುಗಳನ್ನೇ ನೋಡಿದ ಮನುಷ್ಯ ಕೊನೆಗೆ ಬಾಯಿಬಿಟ್ಟ.

“ನಂಗೆ ಆ ಗೋಡೆನೇ ಕಾಣಲ್ಲ ಕಣೇ. ಎರಡು ವರ್ಷ ಆಯ್ತು. ನರಿ ಕೂಗೋದು ಕೇಳಿಸ್ತಿತ್ತು, ಅಷ್ಟೇ. ನೀನು ಕಾಯ್ತಾ ಕೂತಿರ್ತಿದ್ದೆ... ಮಿಕ್ಕಿದ್ದು ನಾನೇ ಸೇರಿಸ್ದೆ.”

ಅವಳಿಗೆ ಮೊದಲು ಮೈಯೆಲ್ಲ ಉರಿಯಿತು. ಎರಡು ವರ್ಷ ಕಿವಿಗೆ ಹೂವಿಡಿಸಿಕೊಂಡೆನಲ್ಲ! ಮರುಗಳಿಗೆಯೇ, ಇಷ್ಟು ದಿನ ಕತ್ತಲಲ್ಲಿ ತಾನು ಹಿಡಿದು ನಡೆದ ತೋಳು ನೆನಪಾಗಿ ಹೆದರಿಕೆಯಾಯಿತು. ಇಬ್ಬರೂ ಬೀಳದೆ ಉಳಿದದ್ದೇ ಪುಣ್ಯ. ಕೈಚಾಚಿ ಅವನ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಕೇಳಿ. ಹಿಂಗಾಲಲ್ಲಿ ಕಿವಿ ಕೆರ್ಕೊಳ್ತಾ ಇದೆ. ಈಗ ಆಕಳಿಸ್ತು.”

“ಸುಳ್ಳು ಸೇರಿಸ್ಬೇಡ,” ಎಂದ ಅವನು.

ಅವಳು ಜೋರಾಗಿ ನಕ್ಕಳು. ನಗು ಕೇಳಿ ಗೋಡೆಯ ಮೇಲಿನ ನರಿ ಕಿವಿ ನಿಮಿರಿಸಿ ಇತ್ತ ತಿರುಗಿತು. ಅದನ್ನೂ ಹೇಳಿದಳು.