ಕಾಲು ಬಾರದ ಗೊದಮೊಟ್ಟೆ

"ನೋಡಣ್ಣಾ, ಒಂದ್ಕಾದ್ರೂ ಕಾಲೈತಾ ನೋಡು!"

ನಾಗಮ್ಮಾಳ್ ಚೊಂಬನ್ನು ಅಣ್ಣ ಮುತ್ತಯ್ಯನ ಮೂಗಿನ ಹತ್ತಿರ ಹಿಡಿದಳು. ಒಳಗೆ ಏಳೆಂಟು ಗೊದಮೊಟ್ಟೆಗಳು ಸೊಟ್ಟ ಬಾಲ ಆಡಿಸಲಾರದೆ ಒಂದು ಪಕ್ಕಕ್ಕೆ ವಾಲಿಕೊಂಡು ತೇಲುತ್ತಿದ್ದವು. ಆಡಿ ತಿಂಗಳ ಮೊದಲಲ್ಲಿ ಕುಂಟೆಯಲ್ಲಿ ಕಪ್ಪೆ ಮೊಟ್ಟೆ ಕಂಡಿದ್ದಳು. ಈಗ ಅದರ ಮುಂದಿನ ತಿಂಗಳು ಆವಣಿಯೂ ಮುಗಿಯುತ್ತ ಬಂದಿತ್ತು. ಬೇರೆ ವರ್ಷವಾಗಿದ್ದರೆ ಇಷ್ಟು ಹೊತ್ತಿಗೆ ಮರಿಕಪ್ಪೆಗಳು ಗದ್ದೆಯಲ್ಲಿ ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತಿದ್ದವು.

ಮುತ್ತಯ್ಯ ಅರವತ್ತೆರಡನೇ ಇಸವಿಯಲ್ಲಿ ಭತ್ತ ಬಿಟ್ಟು ಪನ್ನೀರ್ ದ್ರಾಕ್ಷಿ ಹಾಕಿದವನು. ಬೂಷ್ಟು ಹಿಡಿಯದಿರಲೆಂದು ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತಿದ್ದ. ಕಲಸಿದ ಮೇಲೆ ಕುಡುಗೋಲು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ತುತ್ತದ ವಿಷ ಹಾಗೇ ಉಳಿದಿದೆ ಎಂದರ್ಥ. ಈ ವರ್ಷ ಗೊಂಚಲಿನ ಮೇಲೆ ಬಿಳಿ ಕಲೆ ಉಳಿಯುತ್ತದೆಂದು ಪೆರಿಯಕುಳಂ ವ್ಯಾಪಾರಿ ಮುಖ ಸಿಂಡರಿಸಿದ್ದೇ ತಡ, ಮಹಾರಾಯ ಸುಣ್ಣವನ್ನೇ ಅರ್ಧ ಮಾಡಿದ. ಮದ್ದು ಕಲಸಿದ ಪೀಪಾಯಿಗಳನ್ನು ತೊಳೆಯುವುದೋ, ಎರಡೂ ಮನೆಯವರು ಕುಡಿಯುವ ಕುಂಟೆಯಲ್ಲೇ.

"ಬೇರೆ ಕಡೆ ತೊಳೀರಿ ಅಂತ ಒಂದ್ ತಿಂಗ್ಳಿಂದ ಬಡ್ಕಂತೀನಿ. ನನ್ ಬಸ್ರಿ ಮಗ್ಳು ತಿಲಗವತಿಗೆ ಏಳು ತಿಂಗ್ಳು ತುಂಬೈತೆ. ಅದೇ ತಣ್ಣಿ ಕುಡೀತಾಳೆ."

"ನಿಂಗೇನ್ ಪೈತ್ಯಾನಾ? ಕಪ್ಪೆ ಬೇರೆ, ಮನ್ಸ ಬೇರೆ."

"ಹಂಗಾರೆ ಆ ಪೀಪಾಯಿಗೆ ಕುಡ್ಲು ಅದ್ದು. ಎಲ್ರೂ ನೋಡ್ಲಿ."

ಮುತ್ತಯ್ಯ ಕುಡುಗೋಲು ಮುಟ್ಟಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ. ತೋಟದ ಆಳುಗಳ ಎದುರಿಗೇ ಕುಂಟೆಗಿಳಿದು, ಬೊಗಸೆ ತುಂಬ ನೀರೆತ್ತಿ ಗಟಗಟ ಕುಡಿದ. ಮೀಸೆ ಒರೆಸಿಕೊಂಡು, "ಸತ್ನಾ?" ಎಂದ. ಆಳುಗಳು ನಕ್ಕರು.

ನಾಗಮ್ಮಾಳ್‌ಗೆ ಮೈಯೆಲ್ಲ ಉರಿಯಿತು. ಅಲ್ಲ, ಒಂದು ಬೊಗಸೆ ಕುಡಿದು ತೋರಿಸಿದರೆ ಒಂದು ತಿಂಗಳ ಮಾತು ಸುಳ್ಳಾಗಿಬಿಡುತ್ತದೆಯೇ? ಆಗಿಯೇ ಬಿಟ್ಟಿತು. ಮನೆಗೆ ಬಂದರೆ ಮಗಳೂ ಅದೇ ರಾಗ ಎಳೆದಳು.

"ಮಾಮನೇ ಕುಡಿದ್ರಂತಲ್ಲಮ್ಮಾ. ಸುಮ್ನಿರು ನೀನು." ಹಾಗೆಂದು ಗುಡಾಣದಿಂದ ಒಂದು ಚೊಂಬು ಮೊಗೆದುಕೊಂಡಳು. ಹೆತ್ತವಳಿಗೆ ಹೇಳಿ ಹೇಳಿ ಸಾಕಾಗಿತ್ತು.

ಮಾರನೆಯ ಬೆಳಗ್ಗೆ ನಾಗಮ್ಮಾಳ್ ಬಾಗಿಲು ಸಾರಿಸುತ್ತಿದ್ದಾಗ ಮುತ್ತಯ್ಯನ ಸೊಸೆ ಕರುಪ್ಪಾಯಿ ಹೊಳೆಯ ದಾರಿಯಿಂದ ಬರುತ್ತಿದ್ದಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು. ಮೂರು ತಿಂಗಳ ಬಾಣಂತಿ, ಏದುಸಿರು ಬಿಡುತ್ತಿದ್ದಳು. ಕುಂಟೆ ಅವರ ಹಿತ್ತಿಲಿನಲ್ಲೇ ಇತ್ತು. ಹೊಳೆ ಎರಡು ಮೈಲಿ.

"ಏನೇ ಇದು, ಅಷ್ಟು ದೂರದಿಂದ?"

ಕರುಪ್ಪಾಯಿ ಆಚೀಚೆ ನೋಡಿದಳು. "ಪಿಳ್ಳೆಗೂ ನಂಗೂ ಇನ್ಮೇಲೆ ಹೊಳೆ ತಣ್ಣಿನೇ ಅಂತ ಮಾವ ಹೇಳಿದ್ರು, ಅತ್ತೆ." ಕೊಡ ಸರಿಪಡಿಸಿಕೊಂಡು ದನಿ ತಗ್ಗಿಸಿದಳು. "ನಿಮ್ಗೆ ಮಾತ್ರ ಹೇಳ್ಬೇಡ ಅಂದ್ರು."

ನಾಗಮ್ಮಾಳ್ ಒಳಗೆ ಹೋದಳು. ಮಗಳು ಏಳುವ ಮೊದಲೇ ಗುಡಾಣದ ನೀರನ್ನೆಲ್ಲ ಅಂಗಳಕ್ಕೆ ಚೆಲ್ಲಿ, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಹೊಳೆಯ ದಾರಿ ಹಿಡಿದಳು.