ಅಡ್ಡ ಹೋಗುವ ಲಿಫ್ಟು

ಜೆನೋವಾದ ಬಂದರಿನಿಂದ ಊರೊಳಗೆ ಬರುವ ದಾರಿಯಲ್ಲಿ ನನ್ನದೊಂದು ಪತ್ರಿಕೆ ಅಂಗಡಿ. ಗಂಡ ಹೋದ ಮೇಲೆ ನಾನೇ ನೋಡಿಕೊಂಡು ಬಂದಿದ್ದೇನೆ. ಹಡಗು ಬಂದ ಬೆಳಿಗ್ಗೆ ಪತ್ರಿಕೆಗಿಂತ ನಕಾಶೆಗಳೇ ಹೆಚ್ಚು ಹೋಗುತ್ತಿದ್ದವು. ಹಾಗೆಂದು ನಾನು ಒಂದನ್ನಾದರೂ ಬಿಡಿಸಿ ನೋಡಿರಲಿಲ್ಲ. ಹುಟ್ಟಿದ ಊರಿನ ನಕಾಶೆ ನೋಡುವುದೆಂದರೆ ಕನ್ನಡಿ ಮುಂದೆ ನಿಂತು ಮೂಗು ಎಲ್ಲಿದೆ ಎಂದು ಹುಡುಕಿದ ಹಾಗೆ.

ಫೋನಿನಲ್ಲೇ ದಾರಿ ಕಾಣುವುದಕ್ಕೆ ಮುಂಚಿನ ಮಾತಿದು. ಒಂದು ಬೆಳಿಗ್ಗೆ ಹಡಗಿನಿಂದಿಳಿದ ಗಂಡಹೆಂಡತಿ ಬಂದು ನಿಂತರು. ಇಬ್ಬರಿಗೂ ನನ್ನಷ್ಟೇ ವಯಸ್ಸು. ಗಡಿಯಾಚೆಯ ಕೋಪರ್ ಊರಿನ ಕಡೆಯವರು, ಅಲ್ಲಿನವರಿಗೆ ನಮ್ಮ ಮಾತು ಚೆನ್ನಾಗಿಯೇ ಬರುತ್ತದೆ. ಗಂಡ ಬೋಗ್ದಾನ್, ಹೆಂಡತಿ ನೆವೆಂಕಾ.

"ಅಮ್ಮಾ, ನಿಮ್ಮ ಹತ್ರ ಇರೋದ್ರಲ್ಲಿ ಒಳ್ಳೇ ಮ್ಯಾಪ್ ಯಾವ್ದು?" ಎಂದ ಬೋಗ್ದಾನ್.

"ಎಲ್ಲಾ ಒಳ್ಳೇವೇ. ಇಲ್ಲೀತನಕ ಯಾರೂ ವಾಪಸ್ ತಂದಿಲ್ಲ."

"ತರೋಕೆ ದಾರಿ ಸಿಗ್ಬೇಕಲ್ಲ ಕೊಲೊಂಬಾ!" ಪಕ್ಕದ ಕಾಫಿ ಅಂಗಡಿಯ ಜಾಚಿಂತೋ ಫೊಕಾಚ್ಚಾ ರೊಟ್ಟಿಯನ್ನು ಕಾಫಿಗೆ ಅದ್ದುತ್ತಲೇ ನನ್ನತ್ತ ಕೂಗಿದ.

ಬೋಗ್ದಾನ್ ಹಡಗಿನವರು ಕೊಟ್ಟ ನಕಾಶೆಯನ್ನು ನನ್ನ ಪತ್ರಿಕೆಗಳ ಮೇಲೆ ಹರಡಿದ. "ನೋಡಿ, ಚಿನ್ನದಂಗ್ಡಿಗೆ ನಕ್ಷತ್ರ, ಚರ್ಮದ ಚೀಲದಂಗ್ಡಿಗೆ ನಕ್ಷತ್ರ. ಊರೇ ಇಲ್ಲ ಇದ್ರಲ್ಲಿ. ನಂಗೆ ಬೇಕಾಗಿರೋದು ಒಂದು ಲಿಫ್ಟು."

"ಊರೆಲ್ಲಾ ಕಾಣೋ ಮೇಲಿನ ಕಟ್ಟೆಗೆ ಹೋಗೋದಲ್ವಾ? ಎಲ್ರೂ ಅದನ್ನೇ ಕೇಳ್ತಾರೆ."

"ಅಲ್ಲಿಗೆ ಹೋಗಿ ಬಂದ್ವಿ. ಅದು ನೆಟ್ಟಗೆ ಮೇಲೆ ಹೋಗುತ್ತೆ. ನಾನು ಹುಡುಕ್ತಿರೋದು ಮೊದ್ಲು ಅಡ್ಡ ಹೋಗಿ, ಆಮೇಲೆ ಅದೇ ಪೆಟ್ಟಿಗೆ ಮೇಲಕ್ಕೆ ಹೋಗೋದು. ನಿಮ್ಮೂರಲ್ಲಿದೆಯಂತೆ."

"ಅಡ್ಡ ಹೋಗೋದನ್ನ ಬಸ್ಸು ಅಂತೀವಪ್ಪ ನಾವು," ಎಂದ ಜಾಚಿಂತೋ.

ನೆವೆಂಕಾ ನನ್ನ ಕಡೆ ತಿರುಗಿದಳು. "ಇವ್ನು ಜೀವನಪೂರ್ತಿ ಲಿಫ್ಟ್ ರಿಪೇರಿ ಮಾಡ್ದ. ಊಟಕ್ಕೆ ಕೂತ್ರೂ ಹಗ್ಗ, ಗಾಲಿ, ಅದೇ ಮಾತು. ರಜಾ ಅಂತ ಹಡಗು ಹತ್ತಿದ್ರೆ ಇಲ್ಲೂ ಲಿಫ್ಟು! ಮಧ್ಯಾಹ್ನಕ್ಕೆ ಊರು ತೋರ್ಸೋ ಬಸ್ಸು ಹೊರಡುತ್ತೆ. ಅಷ್ಟ್ರೊಳಗೆ ಸಿಕ್ದೇ ಇದ್ರೆ ಬಾಯ್ಮುಚ್ಕೊಂಡು ಬಸ್ ಹತ್ತು ಅಂದಿದೀನಿ."

"ಹತ್ತೀನಿ ಕಣೇ. ಆದ್ರೆ ಸಂಜೆ ಹಡಗು ಹೊರಟ್ರೆ ಆಯ್ತು, ಮತ್ತೆ ಈ ಊರಿಗೆ ಬರೋ ವಯಸ್ಸಲ್ಲ ನಮ್ದು," ಎಂದ ಅವನು, ಮೆಲ್ಲಗೆ.

ನಾನು ಅಂಗಡಿಯಲ್ಲಿದ್ದ ನಕಾಶೆಗಳನ್ನೆಲ್ಲ ಬಿಡಿಸಿದೆ. ಒಂದರಲ್ಲಿ ಚರ್ಚುಗಳು ಮಾತ್ರ, ಇನ್ನೊಂದರಲ್ಲಿ ಬಸ್ಸಿನ ಗೆರೆಗಳು ನೂಲಿನುಂಡೆಯ ಹಾಗೆ. ದಪ್ಪ ಕಾಗದದ್ದೊಂದರಲ್ಲಿ ಬಾಲ್ಬಿ ಬೀದಿಯಿಂದ ಹೊರಟ ಸಣ್ಣ ಚುಕ್ಕಿಗೆರೆಯೊಂದು ಮನೆಗಳ ಅಡಿಯಲ್ಲೇ ನುಸುಳಿ ಗುಡ್ಡದ ಮೇಲಿನ ಕೋಟೆಮನೆಗೆ ಮುಟ್ಟಿತ್ತು. ಅದರ ಪಕ್ಕ ಹೆಸರಿಲ್ಲ, ಏನೂ ಇಲ್ಲ.

"ಇಲಿ ಬಿಲ ಇದ್ದ ಹಾಗಿದೆ," ಎಂದೆ.

"ಬಾಲ್ಬಿ ಬೀದೀಲಿ ಆಗ್ಲೇ ನಡೆದೆ," ಎಂದ ಬೋಗ್ದಾನ್. "ಮನೆಗಳ ಮಾಡುಗಳನ್ನೇ ನೋಡ್ತಾ ನಡೆದೆ. ಲಿಫ್ಟ್ ಅಂದ್ಮೇಲೆ ಮೇಲೊಂದು ಯಂತ್ರದ ಕೋಣೆ ಇರ್ಬೇಕು. ಎಲ್ಲೂ ಕಾಣಲಿಲ್ಲ."

ಬಾಲ್ಬಿ ಬೀದಿ ನನ್ನ ಅಂಗಡಿಗೆ ಕೂಗಳತೆ ದೂರ. ಚಪ್ಪಲಿ ಕೊಳ್ಳುವುದೂ ಅಲ್ಲೇ. ಗುಡ್ಡದ ಮೇಲೆ ನನಗೆ ನೆಂಟರಿಲ್ಲ, ಹಾಗಾಗಿ ಆ ಕಡೆ ಹೋದವಳಲ್ಲ. ಆದರೂ ದಿನವೂ ತುಳಿಯುವ ಬೀದಿಯಲ್ಲಿ ನನಗೆ ಗೊತ್ತಿಲ್ಲದ ಒಂದು ಗೆರೆ! ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಜಾಚಿಂತೋ, ಅಂಗಡಿ ಕಡೆ ಒಂದು ಕಣ್ಣಿಡು. ಪೇಪರ್ ಪುಕ್ಕಟೆ ಓದ್ಬೇಡ."

"ತಲೆಬರಹ ಓದಿದ್ರೂ ದುಡ್ಡಾ?" ಎಂದು ಅವನು ಗೊಣಗಿದ.

ನಕಾಶೆ ಹಿಡಿದು ಮೂವರೂ ನಡೆದೆವು. ಗೆರೆ ಶುರುವಾಗುವ ಕಡೆ ನೋಡಿದರೆ ಹಳೆಯ ದೊಡ್ಡ ಮನೆಗಳ ಗೋಡೆ, ಒಂದು ಜೆರಾಕ್ಸ್ ಅಂಗಡಿ, ಒಂದು ತಗ್ಗು ಕಮಾನಿನ ಬಾಗಿಲು. ಆ ಬಾಗಿಲಿನಿಂದ ರೈಲು ನಿಲ್ದಾಣಕ್ಕೆ ಹೋಗಬಹುದೆಂದೇ ನಾನು ತಿಳಿದಿದ್ದೆ. ಬೋಗ್ದಾನ್ ಕತ್ತೆತ್ತಿ ಮಾಡುಗಳನ್ನೇ ನೋಡುತ್ತ ಆ ತುದಿಗೆ ಹೋದ, ಈ ತುದಿಗೆ ಬಂದ. ನೆವೆಂಕಾ ಸುಸ್ತಾಗಿ ಎದುರಿನ ಮೆಟ್ಟಿಲ ಮೇಲೆ ಕುಳಿತಳು. ನಾನೂ ಕುಳಿತೆ.

"ಈ ಗುಡ್ಡದ ಮೇಲೆಲ್ಲಾ ಮನೆಗಳಿವೆಯಲ್ಲ, ತರಕಾರಿ ಹೇಗೆ ಹೊರ್ತೀರಿ?" ಎಂದಳು ಅವಳು.

"ಚೀಲ ತುಂಬಿದ್ಮೇಲೆ ನಮ್ಮೂರ ಹೆಂಗಸು ಮೆಟ್ಲು ಹತ್ತೋಳಲ್ಲ. ಹೇಗೋ ಒಂದು ದಾರಿ ಮಾಡ್ಕೋತಾಳೆ."

ನೆವೆಂಕಾ ಎದುರಿನ ಕಮಾನಿನ ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ತೊಡೆ ತಟ್ಟಿದಳು.

"ಹಾಗಾದ್ರೆ ಆ ಕಮಾನಿನೊಳಗೆ ಹೋದೋರೆಲ್ಲ ಏನಾದ್ರು? ನೋಡ್ತಾನೇ ಇದೀನಿ, ತುಂಬಿದ ಚೀಲ ಹಿಡ್ಕೊಂಡು ಒಳಗೆ ಹೋಗ್ತಾರೆ. ಈಚೆ ಬರೋರ ಕೈಯಲ್ಲೆಲ್ಲಾ ಖಾಲಿ ಚೀಲ!" ಎದ್ದೇ ಬಿಟ್ಟಳು. "ಬೋಗ್ದಾನ್! ಆಕಾಶ ನೋಡಿದ್ದು ಸಾಕು, ಇಳಿದು ಬಾ!"

ಕಮಾನಿನೊಳಗೆ ದೀಪ ಹಾಕಿದ ಸುರಂಗವಿತ್ತು. ಅದರಾಚೆ ಗಾಜಿನ ಬಾಗಿಲಿನ ಒಂದು ಪೆಟ್ಟಿಗೆ. ಒಳಗೆ ಈರುಳ್ಳಿ ದಂಟಿನ ಕಟ್ಟು ಹಿಡಿದ ಹೆಂಗಸೊಬ್ಬಳು ಬೇಸರದಿಂದ ನಿಂತಿದ್ದಳು. ನಾವೂ ಹತ್ತಿದೆವು. ಪೆಟ್ಟಿಗೆ ಮೇಲೆ ಹೋಗಲಿಲ್ಲ, ಹಳಿಯ ಮೇಲೆ ಗುಡ್ಡದ ಹೊಟ್ಟೆಯೊಳಕ್ಕೆ ನೆಟ್ಟಗೆ ಹೊರಟಿತು.

"ಇದು ರೈಲು ಕಣೋ," ನೆವೆಂಕಾ ಪಿಸುಗುಟ್ಟಿದಳು. "ಯಾರೋ ನಿಂಗೆ ಟೋಪಿ ಹಾಕಿದಾರೆ."

ಬೋಗ್ದಾನ್ ಅಂಗೈಯನ್ನು ಪೆಟ್ಟಿಗೆಯ ಗೋಡೆಗೊತ್ತಿ ಕಣ್ಣುಮುಚ್ಚಿದ್ದ, ವೈದ್ಯರು ಎದೆ ಪರೀಕ್ಷಿಸುವ ಹಾಗೆ. ಪೆಟ್ಟಿಗೆ ನಿಂತಿತು. ಅಡಿಯಲ್ಲೆಲ್ಲೋ ಟಕ್ ಎಂದಿತು, ಪೆಟ್ಟಿಗೆ ಒಮ್ಮೆ ಅಲುಗಿತು. ಮರುಕ್ಷಣ ನಾವು ಮೇಲೇರುತ್ತಿದ್ದೆವು. ನೆವೆಂಕಾ ನನ್ನ ಮೊಣಕೈ ಹಿಡಿದುಕೊಂಡಳು. ಈರುಳ್ಳಿ ದಂಟಿನವಳು ಆಕಳಿಸಿದಳು.

ಮೇಲೆ ಬಿಸಿಲು. ಕೆಳಗೆ ಸಮುದ್ರ, ಅವರ ಹಡಗು, ಬಂದರಿನ ಅಂಚಿನಲ್ಲಿ ಸಾಲಾಗಿ ಬಸ್ಸುಗಳು. ಬೋಗ್ದಾನ್ ಅದಕ್ಕೆಲ್ಲ ಬೆನ್ನು ಹಾಕಿ ಮುಚ್ಚಿಕೊಂಡ ಬಾಗಿಲನ್ನೇ ನೋಡುತ್ತಿದ್ದ. ಆಮೇಲೆ ನೆನಪಾಗಿ ಹೆಂಡತಿಯ ಕಡೆ ತಿರುಗಿದ.

"ಈಗ ಇಳಿದ್ರೆ ನಿನ್ನ ಬಸ್ಸು ಇನ್ನೂ ಸಿಗುತ್ತೆ."

"ಹೋಗ್ಲಿ ಬಿಡು," ಎಂದಳು ನೆವೆಂಕಾ. ಅವಳ ಹುಬ್ಬು ಗಂಟಿಕ್ಕಿತ್ತು. "ಟಕ್ ಅಂದಿತಲ್ಲ, ಆಗ ಕೆಳಗಿದ್ದ ಗಾಲಿಗಳು ಎಲ್ಲಿಗೋದ್ವು? ನಮ್ಮ ಜೊತೆ ಮೇಲೆ ಬಂದ್ವಾ, ಅಲ್ಲೇ ಉಳಿದ್ವಾ?"

ಬೋಗ್ದಾನ್ ಅವಳನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ.

"ಗೊತ್ತಿಲ್ಲ ಕಣೇ. ಇಳಿಯೋವಾಗ ನೆಲಕ್ಕೆ ಕಿವಿ ಇಟ್ಟು ಕೇಳ್ಬೇಕು."

"ನಿನ್ನ ಕಿವಿ ಮಂದ. ನಾನು ಕೇಳ್ತೀನಿ, ನೀನು ಕೈ ಇಡು," ಎನ್ನುತ್ತ ಅವಳೇ ಮುಂದೆ ಹೋಗಿ ಗುಂಡಿ ಒತ್ತಿದಳು.