ಗೋಡೆಯಾಚೆಯ ಗ್ಯಾರೇಜು

ನಗರಸಭೆಯವರಿಗೆ ನಮ್ಮ ಬೀದಿಯ ನೆನಪಾದದ್ದು ಈ ಬೇಸಿಗೆಯಲ್ಲಿ. ಮನೆಗಳಿರುವ ಕಡೆ ಇನ್ನು ಮುಂದೆ ಪೆಟ್ರೋಲ್ ಬಂಕು, ಗ್ಯಾರೇಜು ಇರಕೂಡದಂತೆ, ಎಲ್ಲ ಊರಾಚೆಯ ಕೈಗಾರಿಕಾ ಪ್ರದೇಶಕ್ಕೆ ಹೋಗಬೇಕಂತೆ. ಹಳೆಯ ಗ್ಯಾರೇಜುಗಳಿಗೆ ಮಾತ್ರ ಒಂದು ಕಿಂಡಿ ಬಿಟ್ಟಿದ್ದರು. ಗೋಡೆಗೆ ಗೋಡೆ ಅಂಟಿದ ಮನೆಯ ಒಡೆಯರು ಒಪ್ಪಿದರೆ ಇದ್ದಲ್ಲೇ ಇರಬಹುದು. ಅಬು ಗಾಲಿಬನ ಗ್ಯಾರೇಜಿಗೆ ಅಂಟಿಕೊಂಡಿರುವುದು ನಮ್ಮ ಮನೆ. ಆ ಮನೆ ಇರುವುದು ನನ್ನ ಹೆಸರಿನಲ್ಲಿ, ನನ್ನಪ್ಪ ಕೊಟ್ಟದ್ದು. ಇದು ಇಡೀ ಮಾದಬಾ ಊರಿಗೆ ಗೊತ್ತು, ನನ್ನ ಗಂಡ ಅಬು ನವ್ವಾಫ್ ಒಬ್ಬನನ್ನು ಬಿಟ್ಟು.

ಅಬು ಗಾಲಿಬನಿಗೂ ನನಗೂ ಹಳೇ ಜಗಳ. ಬೆಳಗಾದರೆ ತಗಡು ಬಡಿಯುವ ಸದ್ದು. ಅದನ್ನಾದರೂ ಸಹಿಸಬಹುದು. ಕಾರಿಗೆ ಬಣ್ಣ ಹೊಡೆದ ದಿನ ನನ್ನ ಎದೆ ಹಿಡಿದುಕೊಳ್ಳುತ್ತದೆ, ಕೆಮ್ಮು ಜಪ್ಪಯ್ಯ ಅಂದರೂ ನಿಲ್ಲುವುದಿಲ್ಲ. ಆಗ ಬಾಲ್ಕನಿಗೆ ಬಂದು ಕೂಗುತ್ತೇನೆ.

"ಏನಪ್ಪಾ ಅಬು ಗಾಲಿಬ್, ನನ್ನ ಎದೆಗೂಡಿಗೂ ಬಿಳಿ ಬಣ್ಣ ಹೊಡೀತಿದ್ದೀಯೋ ಹೇಗೆ?"

"ಇಲ್ಲಕ್ಕಾ, ಇವತ್ತು ಟ್ಯಾಕ್ಸಿ. ಹಳದಿ," ಅನ್ನುತ್ತಾನೆ ಭಂಡ.

ಹಾಗಂತ ಕೆಟ್ಟವನಲ್ಲ. ಗ್ಯಾರೇಜಿನ ಮೇಲೆಯೇ ಅವನ ಮನೆ. ಹೆಂಡತಿ ತೀರಿಕೊಂಡಿದ್ದಾಳೆ, ಹಾಸಿಗೆ ಹಿಡಿದ ತಾಯಿಗೆ ಅವನೊಬ್ಬನೇ ದಿಕ್ಕು. ಗಳಿಗೆಗೊಮ್ಮೆ ಗ್ರೀಸ್ ಕೈ ತೊಳೆದುಕೊಂಡು ಮೇಲೆ ಓಡುತ್ತಾನೆ, ನೀರು ಕುಡಿಸಿ, ಮಗ್ಗುಲು ತಿರುಗಿಸಿ ಬರುತ್ತಾನೆ. ಗ್ಯಾರೇಜು ಊರಾಚೆ ಹೋದರೆ ಆ ಮುದುಕಿಯ ಗತಿ ಏನು? ಬೀದಿಗೆಲ್ಲ ಅದೇ ಚಿಂತೆ, ನನಗೂ ಅದೇ. ಆದರೆ ಅವನೇ ಬಂದು ಬಾಯಿಬಿಟ್ಟು ಕೇಳಲಿ ಎಂದು ನಾನು ಬಿಗಿದುಕೊಂಡು ಕೂತಿದ್ದೆ. ಕೇಳದೆ ಕೊಟ್ಟದ್ದಕ್ಕೆ ಬೆಲೆ ಇರುವುದಿಲ್ಲ, ನೋಡಿ.

ಕೊನೆಗೆ ಬೀದಿಯ ಹಿರಿಯರು ಅವನನ್ನು ಕರೆದುಕೊಂಡು ಜಾಹಾ ಬರುತ್ತಾರೆಂದು ಸುದ್ದಿ ಬಂತು. ಹೆಣ್ಣು ಕೇಳಲಿಕ್ಕೆ, ಕೊಲೆಯ ಹಗೆಗೆ ರಾಜಿ ಮಾಡಿಸಲಿಕ್ಕೆ ಹಿರಿಯರು ಹಾಗೆ ಕೂಡಿಕೊಂಡು ಬರುವುದುಂಟು, ಒಂದು ಗ್ಯಾರೇಜಿಗಾಗಿ ಬಂದದ್ದನ್ನು ನಾನು ಕಂಡಿರಲಿಲ್ಲ. ನನ್ನ ಗಂಡನಿಗೆ ನೆಲವೇ ಕಾಣಲಿಲ್ಲ. ಮಗನ ಮದುವೆಗೆ ಹೊಲಿಸಿದ ನಿಲುವಂಗಿ ಹೊರಗೆ ತೆಗೆದ.

"ಅವರು ಕಾಫಿ ಮುಟ್ಟದೆ ಕೂತಿರ್ತಾರೆ. ನಾನು ಸ್ವಲ್ಪ ಸತಾಯಿಸ್ತೀನಿ. ಆಮೇಲೆ, ಕಾಫಿ ಕುಡೀರಿ, ನೀವು ಕೇಳಿದ್ದು ಕೊಟ್ಟಿದ್ದೀನಿ ಅಂತೀನಿ," ಎಂದು ಕನ್ನಡಿಯ ಮುಂದೆ ಮೀಸೆ ತೀಡಿಕೊಂಡ.

"ಯಾರ ಮನೆ ಗೋಡೆಗೆ ಯಾರು ಒಪ್ಪಿಗೆ ಕೊಡೋದು?" ಎಂದೆ.

"ನೀನು ಒಳಗೆ ಕೂತು ಒಪ್ಕೋ. ನಾನು ಹೊರಗೆ ಹೇಳ್ತೀನಿ."

ಸಂಜೆಯ ನಮಾಜಿಗೆ ಮೊದಲು ಬಂದರು. ನಾನು ಪರದೆಯ ಹಿಂದೆ ಕುರ್ಚಿ ಹಾಕಿಕೊಂಡೆ. ಏಲಕ್ಕಿ ಕಾಫಿಯ ಪುಟ್ಟ ಬಟ್ಟಲು ಒಬ್ಬೊಬ್ಬರ ಕೈಗೂ ಹೋಯಿತು. ಹಿರಿಯರ ಮುಂದಾಳು ಹಾಜಿ ಶಿಬ್ಲಿ ಬಟ್ಟಲನ್ನು ತುಟಿಗೆ ತಾಕಿಸದೆ ಮೇಜಿನ ಮೇಲಿಟ್ಟರು. ಕೇಳಿದ್ದು ಸಿಗುವವರೆಗೆ ಯಾರೂ ಕುಡಿಯುವ ಹಾಗಿಲ್ಲ. ಉಳಿದವರೂ ಇಟ್ಟರು. ಹಾಜಿ ಗಂಟಲು ಸರಿಮಾಡಿಕೊಂಡು ದೇವರ ಹೆಸರು ಹೇಳುವಷ್ಟರಲ್ಲಿ ಅಬು ಗಾಲಿಬ್ ತನ್ನ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದುಬಿಟ್ಟ.

ಎಲ್ಲರೂ ಕಕ್ಕಾಬಿಕ್ಕಿ. ಕುಡಿದ ಮೇಲೆ ಕೇಳುವುದಕ್ಕೇನಿದೆ?

"ಬುದ್ಧಿ ನೆಟ್ಟಗಿದೆಯೇನೋ ನಿಂಗೆ?" ಎಂದರು ಹಾಜಿ.

"ನಾನು ಕೇಳೋದೇನೂ ಇಲ್ಲ ಹಾಜಿ. ನೀವು ಎಳ್ಕೊಂಡು ಬಂದ್ರಿ, ನಿಮ್ಮ ಮಾತು ಮೀರಬಾರದು ಅಂತ ಬಂದೆ," ಎಂದ ಅಬು ಗಾಲಿಬ್. "ಈ ಗೋಡೆ ತೆಳ್ಳಗಿದೆ. ಬಣ್ಣ ಹೊಡೆದ ದಿನ ಅಕ್ಕ ಕೆಮ್ಮೋದು ನಂಗೆ ಕೇಳ್ಸುತ್ತೆ. ಬಣ್ಣದ ಕೆಲಸ ಬಿಟ್ರೆ ಗ್ಯಾರೇಜು ನಡೆಯಲ್ಲ. ಇಷ್ಟು ಜನ ಹಿರೀರು ಎದುರಿಗೆ ಕೂತು ಕೇಳಿದ್ರೆ ಯಾವ ಬಾಯಲ್ಲಿ ಇಲ್ಲ ಅಂತಾರೆ ಪಾಪ? ಕತ್ತು ಹಿಡಿದು ಒಪ್ಪಿಸಿದ ಹಾಗಾಗುತ್ತೆ."

"ಮತ್ತೆ ನಿಮ್ಮಮ್ಮ?" ಎಂದರು ಹಾಜಿ.

"ನಮ್ಮಮ್ಮನ್ನ ಹೇಗೋ ನೋಡ್ಕೋತೀನಿ. ಅಕ್ಕನ ಕೆಮ್ಮಿಗೆ ಅಮ್ಮನ್ನ ಅಡ್ಡ ತರಲ್ಲ."

ನನ್ನ ಗಂಡ ಕಲಿತಿಟ್ಟುಕೊಂಡಿದ್ದ ಮಾತೆಲ್ಲ ದಂಡವಾಯಿತು. ಕೇಳಲಿ ಕೇಳಲಿ ಎಂದು ನಾನು ಕಾದಿದ್ದರೆ, ಅವನು ನನ್ನ ಸಲುವಾಗಿಯೇ ಕೇಳದೆ ಕೂತಿದ್ದ. ಅಳು ಬಂತು, ಆದರೆ ಬಾಯಿಗೆ ಮೊದಲು ಬಂದದ್ದು ಸಿಟ್ಟು. ಪರದೆ ಸರಿಸಿ ಗಂಡಸರ ನಡುವೆ ಹೋಗಿ ನಿಂತೆ.

"ನನ್ನ ಕೆಮ್ಮಿನ ಯಜಮಾನಿಕೆ ನಿಂಗೆ ಯಾರಪ್ಪಾ ಕೊಟ್ಟಿದ್ದು?" ಎಂದೆ. "ಗುರುವಾರ ಗುರುವಾರ ನಾನು ಅಮ್ಮಾನ್‌ಗೆ ಮಗಳ ಮನೆಗೆ ಹೋಗ್ತೀನಿ, ಮಾರನೇ ದಿನ ಸಂಜೆಗೆ ಬರ್ತೀನಿ. ಬಣ್ಣದ ಕೆಲಸ ಎಲ್ಲಾ ಗುರುವಾರಕ್ಕೆ ಇಟ್ಕೋ. ಬೇರೆ ದಿನ ವಾಸನೆ ಬಂತೋ, ನಗರಸಭೆಯವರು ಬೇಡ, ನಾನೇ ನಿನ್ನ ಸಾಮಾನು ಬೀದಿಗೆ ಎಸೀತೀನಿ. ಗ್ಯಾರೇಜು ಎಲ್ಲಿಗೂ ಹೋಗಲ್ಲ. ಹಾಜಿ, ಕಾಫಿ ಆರ್ತಾ ಇದೆ, ಕುಡೀರಿ."

"ನಾನೂ ಅದನ್ನೇ ಹೇಳೋನಿದ್ದೆ," ಎಂದ ನನ್ನ ಗಂಡ.

ಹಾಜಿ ನಗುತ್ತ ಬಟ್ಟಲೆತ್ತಿದರು. ಅಬು ಗಾಲಿಬ್ ತನ್ನ ಖಾಲಿ ಬಟ್ಟಲನ್ನೇ ಮತ್ತೊಮ್ಮೆ ಬಾಯಿಗೆತ್ತಿದ.

"ಏಳು, ಅಮ್ಮನಿಗೆ ಊಟ ಕೊಡೋ ಹೊತ್ತಾಯ್ತು," ಎಂದೆ.

ಹಿರಿಯರು ಹೋದ ಮೇಲೆ ಬಟ್ಟಲು ತೊಳೆಯುತ್ತಿದ್ದೆ. ಅಬು ಗಾಲಿಬನ ತಾಯಿಗೆ ಕಿವಿ ಮಂದ, ಹಾಗಾಗಿ ಗೋಡೆಯಾಚೆ ಆಡಿದ್ದೆಲ್ಲ ನಮ್ಮ ಅಡುಗೆಮನೆಗೆ ಕೇಳುತ್ತದೆ.

"ಅಮ್ಮಾ, ಗ್ಯಾರೇಜು ಇಲ್ಲೇ ಇರುತ್ತೆ," ಎಂದು ಅಬು ಗಾಲಿಬ್ ಕೂಗಿ ಹೇಳುತ್ತಿದ್ದ. "ನಾನು ಎಲ್ಲಿಗೂ ಹೋಗಲ್ಲ."

"ಹೋಗ್ತೀನಿ ಅಂತ ಯಾವಾಗ ಹೇಳಿದ್ದೆ ನೀನು?" ಎಂದಳು ತಾಯಿ.